ಗಾಜಿನ ತಟ್ಟೆಯೂ ಮನುಷ್ಯದೇಹವೂ

ಬೆಳ್ತಂಗಡಿಯ ಕಡೆಯ ಗೃಹಸ್ಥರೊಬ್ಬರು ಕಳೆದ ತಿಂಗಳು ನಮ್ಮಲ್ಲಿಗೆ ಬಂದಿದ್ದರು. ಅವರ ಪತ್ನಿಗೆ ಸ್ತನದ ಅರ್ಬುದರೋಗ. ಶಸ್ತ್ರಚಿಕಿತ್ಸೆಗೆ ದಿನ ಗೊತ್ತಾಗಿತ್ತು. “ಮಾಸ್ತರೇ, ಬೆಂಗಳೂರಿನಲ್ಲಿ ಕ್ಯಾನ್ಸರನ್ನು ಕೊಲ್ಲುವ ಮದ್ದು ಸಿಕ್ಕಿದೆಯಂತಲ್ಲ, ಅದು ಬರುವ ತನಕ ಕಾದರಾಗದೇ?” ಎಂದು ಕೇಳಿದರು. ಈ ಪ್ರಶ್ನೆ ಅನೇಕ ಮನೆಗಳದಾದ ಕಾರಣ, ಅವರಿಗೆ ಹೇಳಿದುದನ್ನು ವಾಚಕರ ಮುಂದೆಯೂ ಇಡುತ್ತೇನೆ.

ಸುದ್ದಿ ನಿರಾಧಾರವಲ್ಲ. ಭಾರತೀಯ ವಿಜ್ಞಾನ ಸಂಸ್ಥೆಯ ಸತೀಶ್ ರಾಘವನ್ ಮತ್ತು ಅವರ ಸಂಗಡಿಗರು 2012ರಲ್ಲಿ ಎಸ್‌ಸಿಆರ್7 ಎಂಬ ದ್ರವ್ಯದ ವಿಚಾರವನ್ನು ಪ್ರಕಟಿಸಿದರು. ಜೀವಕೋಶದೊಳಗಿನ ಡಿಎನ್‌ಎ ಎಂಬುದು ಎರಡೆಳೆಯ ಹುರಿ. ಅದು ತುಂಡಾದಾಗ ಬೆಸೆಯುವ ಕಿಣ್ವಗಳಲ್ಲಿ ನಾಲ್ಕನೆಯ ಲೈಗೇಸ್ ಒಂದು. ಈ ದ್ರವ್ಯವು ಆ ಬೆಸುಗೆಯನ್ನು ತಡೆಯುವುದೆಂದೂ, ತುಂಡುಗಳು ಕೂಡದೆ ಉಳಿದ ಕೋಶವು ತನ್ನನ್ನು ತಾನೇ ಅಳಿಸಿಕೊಳ್ಳುವುದೆಂದೂ ಅವರು ತಿಳಿಸಿದರು.

ಆದರೆ ಕೋಶವನ್ನು ಕೊಂದಿತೆಂಬ ಮಾತ್ರಕ್ಕೆ ಯಾವುದೂ ಮದ್ದಾಗದು. ತಟ್ಟೆಯಲ್ಲಿ ಬೆಳೆಸಿದ ಕೋಶಗಳ ಮೇಲೆ ಫಿನಾಯಿಲು ಸುರಿದರೂ ಅವು ಸಾಯುವುವು. ಆದುದರಿಂದ ಪರೀಕ್ಷಕರು ದ್ರವ್ಯವನ್ನು ಹಲವು ಪ್ರಮಾಣಗಳಲ್ಲಿ ಬೆರಸುತ್ತಾರೆ. ದ್ರವ್ಯ ಬೆರಸದ ತಟ್ಟೆಯೊಂದನ್ನು ಹೋಲಿಕೆಗಾಗಿ ಪಕ್ಕದಲ್ಲಿರಿಸಿ, ಉಳಿದ ಕೋಶಗಳನ್ನು ಎಣಿಸುತ್ತಾರೆ. ಸತ್ತ ಬಗೆಯನ್ನೂ ನೋಡುತ್ತಾರೆ: ಉಬ್ಬಿ ಒಡೆದುವೋ, ಇಲ್ಲವೆ ಮುದುಡಿ, ತಮ್ಮ ಡಿಎನ್‌ಎಯನ್ನು ತಾವೇ ಕತ್ತರಿಸಿಕೊಂಡು ಅಳಿದುವೋ? ಬಳಿಕ ನಮ್ಮ ತಾರ್ಕಿಕರ ಅನ್ವಯ-ವ್ಯತಿರೇಕವೇ ಅಲ್ಲಿಗೂ ಬರುತ್ತದೆ. ಲೈಗೇಸ್ ಇರುವ ಕೋಶದಲ್ಲಿ ದ್ರವ್ಯವು ಫಲಿಸಬೇಕು. ಅದಿಲ್ಲದ ಕೋಶದಲ್ಲಿ ಫಲಿಸಬಾರದು. ಅಲ್ಲಿಯೂ ಹಾಗೆಯೇ ಕೊಂದರೆ, ಕೊಂದ ಕಾರಣ ಬೇರೆ.

ಇಲಿಗಳಲ್ಲಿಯೂ ಗಡ್ಡೆಯ ಬೆಳವಣಿಗೆ ಕುಂದಿದುದನ್ನು ಬೆಂಗಳೂರಿನವರು ಕಂಡರು. ಆದರೆ 2016ರಲ್ಲಿ ಬೇರೆ ವಿಜ್ಞಾನಿಗಳು, ಈ ದ್ರವ್ಯವು ನಾಲ್ಕನೆಯ ಲೈಗೇಸನ್ನೇ ಆರಿಸಿ ತಡೆಯುವುದಿಲ್ಲವೆಂದು ಪ್ರಕಟಿಸಿದರು. ಇದರಿಂದ ಯಾರಿಗೂ ಅವಮಾನವಿಲ್ಲ. ಒಬ್ಬರ ಮಾತನ್ನು ಇನ್ನೊಬ್ಬರು ಒರೆಗೆ ಹಚ್ಚುವುದೇ ಶಾಸ್ತ್ರಮಾರ್ಗ. ಇಂದಿಗೂ ಅದು ಆಸ್ಪತ್ರೆಯ ಮದ್ದಾಗಿಲ್ಲ.

ತಟ್ಟೆಯಲ್ಲಿ ಯಕೃತ್ತಿಲ್ಲ, ಮೂತ್ರಪಿಂಡವಿಲ್ಲ, ಹೃದಯವಿಲ್ಲ. ಮನುಷ್ಯನಿಗೆ ಮೊದಲು ಎಷ್ಟು ಕೊಟ್ಟರೆ ಅಪಾಯವಿಲ್ಲವೆಂದು ತಿಳಿಯಬೇಕು. ಅನಂತರ ಗುಣವುಂಟೇ ಎಂದು. ಕಡೆಗೆ ಈಗಿರುವ ಚಿಕಿತ್ಸೆಗಿಂತ ಮೇಲೇ ಎಂದು. ಇದಕ್ಕೆ ವರ್ಷಗಳೇ ಬೇಕು. ಲಕ್ಷ್ಮಣಫಲದ ಎಲೆಯ ಕಷಾಯವನ್ನು ನಂಬಿ ಆಸ್ಪತ್ರೆಯನ್ನು ಬಿಡುವವರಿಗೂ ಇದೇ ಮಾತು: ತಟ್ಟೆಯಲ್ಲಿ ಗೆದ್ದುದೆಲ್ಲವೂ ದೇಹದಲ್ಲಿ ಗೆಲ್ಲಲಾರದು.

“ಹಾಗಾದರೆ ಆಶೆಯೇ ಬೇಡವೇ?” ಎಂದರು ಅವರು. ಆಶೆ ಅವಶ್ಯವಾಗಿ ಬೇಕು. ಪ್ರಯೋಗಶಾಲೆಯ ದುಡಿಮೆ ನಮ್ಮ ಮೊಮ್ಮಕ್ಕಳಿಗಾದರೂ ಫಲಿಸೀತು. ಆದರೆ ಗಡ್ಡೆಯು ಅದಕ್ಕಾಗಿ ಕಾಯದು. ವೈದ್ಯರು ಗೊತ್ತುಮಾಡಿದ ದಿನವನ್ನು ತಪ್ಪಿಸಬೇಡಿರೆಂದು ಹೇಳಿ ಕಳುಹಿಸಿದೆನು. ಅವರು ತಪ್ಪಿಸಲಿಲ್ಲ.