ಬೆಳೆಯ ರೋಗಕ್ಕೆ ಔಷಧಿ, ಬೆಳೆಗಾರನ ದುಃಖಕ್ಕೆ ಪಂಚನಾಮೆ

ಚನ್ನಗಿರಿ ತಾಲೂಕಿನ ಕತ್ತಲಗೆರೆಯಲ್ಲಿ ಸರ್ಕಾರದ ಕೃಷಿ ಸಂಶೋಧನಾ ಕೇಂದ್ರವೊಂದುಂಟು. ಶಿವಮೊಗ್ಗದ ಕೃಷಿ ಮತ್ತು ತೋಟಗಾರಿಕೆ ವಿಶ್ವವಿದ್ಯಾಲಯಕ್ಕೆ ಸೇರಿದ್ದು. ರೈತನ ಭತ್ತದ ಗರಿ ಕೆಂಪಾದರೆ, ಮೆಕ್ಕೆಜೋಳದ ಸುಳಿಗೆ ಹುಳು ಬಿದ್ದರೆ, ಅಡಿಕೆಯ ಹಿಂಗಾರ ಒಣಗಿದರೆ, ಆತ ಒಂದು ಎಲೆಯನ್ನೋ ಗರಿಯನ್ನೋ ಕಿತ್ತುಕೊಂಡು ಇಂಥ ಕಡೆಗೆ ಹೋಗಬಹುದು. ಬಲ್ಲವರು ಅದನ್ನು ಕೈಗೆ ತೆಗೆದುಕೊಂಡು ನೋಡುತ್ತಾರೆ. ಎಷ್ಟು ದಿನದಿಂದ ಹೀಗಿದೆ, ನೀರೆಷ್ಟು ಬಿಟ್ಟಿರಿ, ಪಕ್ಕದ ಹೊಲದಲ್ಲೂ ಕಂಡಿದೆಯೇ ಎಂದು ವಿಚಾರಿಸುತ್ತಾರೆ. ಇದು ಒಳ್ಳೆಯ ಕೆಲಸ. ಇಂಥ ಕೇಂದ್ರಗಳು ಇನ್ನೂ ಹತ್ತಾಗಲಿ ಎಂದೇ ನಾವು ಹೇಳುವವರು.

ಆದರೆ ಆ ಎಲೆ ಹಿಡಿದು ಬಂದ ಕೈಯ ಗತಿಯೇನು? ಆತ ತಿಂಗಳಿಂದ ನಿದ್ದೆಗೆಟ್ಟಿರಬಹುದು. ಉಣ್ಣುವ ತಟ್ಟೆಯ ಮುಂದಿನಿಂದ ಎದ್ದು ಹೋಗುತ್ತಿರಬಹುದು. ಊರ ಕಟ್ಟೆಗೆ ಬರುವುದನ್ನೇ ಬಿಟ್ಟಿರಬಹುದು. ಎಷ್ಟು ದಿನದಿಂದ ಹೀಗಿದೆ ಎಂದು ಆತನನ್ನು ಕೇಳುವವರು ಯಾರು? ಪ್ರಶ್ನೆಗಳೇನೋ ಬರುತ್ತವೆ, ಆತ ಸತ್ತ ಮೇಲೆ ಬರುತ್ತವೆ. ಜಮೀನೆಷ್ಟು, ಸಾಲವೆಷ್ಟು, ಯಾವ ಬ್ಯಾಂಕಿನದು, ಕುಡಿಯುತ್ತಿದ್ದನೇ ಎಂದು ಅಧಿಕಾರಿಗಳು ಹೆಂಡತಿಯನ್ನು ಕೇಳಿ ಬರೆದುಕೊಳ್ಳುತ್ತಾರೆ. ಬದುಕಿದ್ದಾಗ ಯಾರೂ ವಿಚಾರಿಸದ ಮನುಷ್ಯ ಸತ್ತ ಮೇಲೆ ಒಂದು ಕಡತವಾಗುತ್ತಾನೆ.

ಕೇಂದ್ರ ಸರ್ಕಾರದ ಅಪರಾಧ ದಾಖಲೆಗಳ ಬ್ಯೂರೋ ಕೊಟ್ಟ ಲೆಕ್ಕದಂತೆ, 2022ನೆಯ ಇಸವಿ ಒಂದರಲ್ಲೇ ದೇಶದಲ್ಲಿ ಬೇಸಾಯವನ್ನು ನಂಬಿದ 11,290 ಮಂದಿ ಜೀವ ಕಳೆದುಕೊಂಡರು. ಇವರಲ್ಲಿ 5,207 ಮಂದಿ ಸಾಗುವಳಿದಾರರು, 6,083 ಮಂದಿ ಕೃಷಿಕೂಲಿಗಳು. ಮಹಾರಾಷ್ಟ್ರದ ನಂತರದ ಸ್ಥಾನ ನಮ್ಮ ಕರ್ನಾಟಕದ್ದು. ನೂರರಲ್ಲಿ 21 ಮಂದಿ ನಮ್ಮವರೇ. ವಾಚಕರು ಈ ಲೆಕ್ಕದಲ್ಲಿ ಒಂದನ್ನು ಗಮನಿಸಬೇಕು. ಸತ್ತವರಲ್ಲಿ ಭೂಮಿ ಉಳ್ಳವರಿಗಿಂತ ಕೂಲಿಗಳೇ ಹೆಚ್ಚು. 2015ರಿಂದ ಈ ರಾಜ್ಯದಲ್ಲಿ ಸತ್ತ ರೈತನ ಕುಟುಂಬಕ್ಕೆ 5 ಲಕ್ಷ ರೂಪಾಯಿ ಪರಿಹಾರವುಂಟು. ಆದರೆ ಪರಿಹಾರದ ಕಡತ ಮೊದಲು ಕೇಳುವುದು ಪಹಣಿಯನ್ನು, ಆಮೇಲೆ ಸಾಲದ ಕಾಗದವನ್ನು. ಪಹಣಿಯಿಲ್ಲದ ಕೂಲಿಯ ಸಾವು ಯಾವ ಕಡತಕ್ಕೆ ಸೇರಬೇಕು? ಬಾಯಿಮಾತಿನ ಗುತ್ತಿಗೆಯಲ್ಲಿ ಉಳುವವನದು, ಗಂಡನ ಹೆಸರಿನ ಹೊಲದಲ್ಲಿ ಜೀವ ತೇಯುವ ಹೆಣ್ಣುಮಗಳದು ಎಲ್ಲಿಗೆ ಸೇರಬೇಕು?

ಇಲ್ಲಿ ನಾವು ನಮ್ಮ ಕಡೆಯ ತಪ್ಪನ್ನೂ ಒಪ್ಪಿಕೊಳ್ಳಬೇಕಾಗಿದೆ. 2002ರಲ್ಲಿ ಡಾ. ಜಿ.ಕೆ. ವೀರೇಶ್ ಅವರ ಅಧ್ಯಕ್ಷತೆಯ ಸಮಿತಿ ಕರ್ನಾಟಕ ಸರ್ಕಾರಕ್ಕೆ ವರದಿ ಕೊಟ್ಟಿತು. ಸಾಲ, ಬೆಳೆನಷ್ಟಗಳಿಗಿಂತ ಕುಡಿತ, ಕುಟುಂಬದ ಕಲಹ, ವೈಯಕ್ತಿಕ ಕಾರಣಗಳಿಗೆ ಅದು ಹೆಚ್ಚಿನ ತೂಕ ಕೊಟ್ಟಿತು. ರೈತಪರರೆಲ್ಲ ಅದನ್ನು ವಿರೋಧಿಸಿದರು, ವಿರೋಧಿಸಿದ್ದು ಸರಿ. ಬೆಲೆ ಕೊಡದ ಸರ್ಕಾರ, ರೈತನ ತಲೆಯೇ ಕೆಟ್ಟಿತ್ತು ಎಂದು ಕೈತೊಳೆದುಕೊಳ್ಳುವುದನ್ನು ಯಾರು ತಾನೆ ಸಹಿಸಿಯಾರು? ಆದರೆ ಆ ಜಗಳದಲ್ಲಿ ನಮ್ಮಿಂದ ಒಂದು ಅನ್ಯಾಯವಾಯಿತು. ಮನಸ್ಸಿನ ಮಾತೆತ್ತಿದವರೆಲ್ಲ ಸರ್ಕಾರದ ಕಡೆಯವರೆಂದು ತಿಳಿದೆವು. ಸಾಲ ತೀರಲಿ, ಬೆಲೆ ಸಿಗಲಿ, ಮನಸ್ಸು ತಾನಾಗಿಯೇ ನೆಟ್ಟಗಾಗುತ್ತದೆ ಎಂದೆವು. ಬೆಲೆ ಬರುವ ತನಕ ಆ ಮನುಷ್ಯ ಉಳಿಯಬೇಕಲ್ಲ ಎಂಬುದನ್ನು ಮರೆತೆವು.

1992ರಲ್ಲಿ ಆನಗೋಡಿನಲ್ಲಿ ಪೊಲೀಸರ ಗುಂಡಿಗೆ ಬಲಿಯಾದ ಇಬ್ಬರು ರೈತರಿಗೆ ಅಲ್ಲಿ ಸ್ಮಾರಕವುಂಟು. ಹೂವಿಟ್ಟು ನೆನೆಯುತ್ತೇವೆ; ನೆನೆಯಲೇಬೇಕು. ತನ್ನ ಮನೆಯಲ್ಲಿ ಒಬ್ಬಂಟಿಯಾಗಿ ಹೋದವನೂ ಅದೇ ಅನ್ಯಾಯದ ಕೈಯಲ್ಲಿ ಸತ್ತವನು. ಆತನ ಮನೆಯವರಾದರೋ ತಲೆತಗ್ಗಿಸಿ ಓಡಾಡುತ್ತಾರೆ. ಈ ನಾಚಿಕೆಯನ್ನು ಅವರ ಮೇಲೆ ಹೊರಿಸಿದವರಲ್ಲಿ ನಾವೂ ಸೇರಿದ್ದೇವೆ.

ಸಾಲವೇ ಮನಸ್ಸಿನ ಒಳಗೆ ಹೇಗೆ ಹೊಗುತ್ತದೆಂಬುದನ್ನು ಈ ಜಿಲ್ಲೆಯವರಿಗೆ ವಿವರಿಸಬೇಕಾಗಿಲ್ಲ. 2023ರಲ್ಲಿ ರಾಜ್ಯದ 236 ತಾಲೂಕುಗಳ ಪೈಕಿ 223ನ್ನು ಬರಪೀಡಿತವೆಂದು ಸರ್ಕಾರವೇ ಸಾರಿತು. ಭದ್ರಾ ನಾಲೆಯ ನೀರಿಗಾಗಿ ರೈತರು ಬೀದಿಗಿಳಿದರು. ಮರುವರ್ಷದ ಬೇಸಿಗೆಯಲ್ಲಿ ಚನ್ನಗಿರಿಯ ಅಡಿಕೆ ತೋಟದವರು ಟ್ಯಾಂಕರಿನಲ್ಲಿ ನೀರು ತಂದು ಮರ ಉಳಿಸಿಕೊಳ್ಳಲು ಹೆಣಗಿದರು. ಕೊಳವೆಬಾವಿ ಒಣಗಿದರೆ ಇನ್ನೊಂದಕ್ಕೆ ಸಾಲ. ಅದೂ ಬರಿದಾದರೆ ಎರಡರ ಬಡ್ಡಿ. ನೋಟೀಸು ಬಂದ ದಿನದಿಂದ ಆ ಮನುಷ್ಯ ಮದುವೆ ಮನೆಗೆ ಹೋಗುವುದಿಲ್ಲ, ಜಾತ್ರೆಗೆ ಹೋಗುವುದಿಲ್ಲ. ಮಾನ ಹೋಯಿತೆಂಬ ಯೋಚನೆ ಹಗಲಿರುಳು ಕೊರೆಯುತ್ತದೆ. ನಿದ್ದೆಯಿಲ್ಲದ ತಲೆಗೆ ಇರುವ ದಾರಿಯೂ ಕಾಣುವುದಿಲ್ಲ. ಇದು ಹೇಡಿತನವಲ್ಲ, ಕಾಯಿಲೆ, ಚಿಕಿತ್ಸೆಯಿರುವ ಕಾಯಿಲೆ.

ಹಾಗಾದರೆ ಚಿಕಿತ್ಸೆ ಎಲ್ಲಿದೆ? ಕಾಗದದ ಮೇಲೆ ಬಹಳವುಂಟು. 2017ರ ಮಾನಸಿಕ ಆರೋಗ್ಯದ ಕಾಯಿದೆ, ಸರ್ಕಾರದ ವೆಚ್ಚದಲ್ಲಿ ನಡೆಯುವ ಮಾನಸಿಕ ಚಿಕಿತ್ಸೆಯನ್ನು ಪಡೆಯುವುದು ಪ್ರತಿಯೊಬ್ಬರ ಹಕ್ಕೆಂದು ಹೇಳಿತು. ಜೀವ ಕಳೆದುಕೊಳ್ಳಲು ಯತ್ನಿಸಿದವನನ್ನು ತೀವ್ರ ಸಂಕಟದಲ್ಲಿದ್ದವನೆಂದೇ ಭಾವಿಸಬೇಕೆಂದು ವಿಧಿಸಿತು. ಅಂಥವನನ್ನು ಶಿಕ್ಷಿಸುತ್ತಿದ್ದ ಹಳೆಯ ಕಲಂ 2024ರ ಜುಲೈಯಲ್ಲಿ ಜಾರಿಗೆ ಬಂದ ಹೊಸ ದಂಡಸಂಹಿತೆಯಲ್ಲಿ ಇಲ್ಲ. ಆದ್ದರಿಂದ ಪೊಲೀಸರಿಗೆ ಹೆದರಿ ಆಸ್ಪತ್ರೆಗೆ ಹೋಗದಿರುವ ಕಾರಣವಿಲ್ಲ. ರಾಜ್ಯದ ಮನೋಚೈತನ್ಯ ಕಾರ್ಯಕ್ರಮದಲ್ಲಿ ಮಂಗಳವಾರದಂದು ತಾಲೂಕು ಆಸ್ಪತ್ರೆಗೆ ಮನೋವೈದ್ಯರು ಬರುವ ಏರ್ಪಾಡುಂಟು. 2022ರ ಅಕ್ಟೋಬರಿನಿಂದ ಟೆಲಿ ಮನಸ್ ಎಂಬ ಉಚಿತ ದೂರವಾಣಿಯುಂಟು. ಅದರ ಸಂಖ್ಯೆ 14416. ಹಗಲು ರಾತ್ರಿ ಯಾವಾಗಲಾದರೂ ಮಾತನಾಡಬಹುದು, ಕನ್ನಡದಲ್ಲೇ ಮಾತನಾಡಬಹುದು. ಈ ಸಂಖ್ಯೆಯನ್ನು ವಾಚಕರು ಬರೆದಿಟ್ಟುಕೊಳ್ಳಬೇಕು.

ಇಷ್ಟೆಲ್ಲ ಇದ್ದೂ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆ 2015-16ರಲ್ಲಿ ನಡೆಸಿದ ರಾಷ್ಟ್ರೀಯ ಸಮೀಕ್ಷೆಯಲ್ಲಿ, ಮಾನಸಿಕ ಕಾಯಿಲೆಯುಳ್ಳ ನೂರು ಮಂದಿಯಲ್ಲಿ 70ಕ್ಕೂ ಹೆಚ್ಚು ಜನರಿಗೆ ಚಿಕಿತ್ಸೆಯೇ ದೊರೆತಿರಲಿಲ್ಲವೆಂದು ಕಂಡುಬಂತು. ಒಂದು ದಿನದ ಕೂಲಿ ಬಿಟ್ಟು, ಬಸ್ಸಿನ ದುಡ್ಡು ಹೊಂದಿಸಿ, ಹುಚ್ಚರ ಡಾಕ್ಟರ ಬಳಿ ಹೋದನೆಂಬ ಹೆಸರನ್ನೂ ಹೊತ್ತು ಜಗಳೂರಿನ ಮೂಲೆಯ ಹಳ್ಳಿಯಿಂದ ಎಷ್ಟು ಮಂದಿ ಬಂದಾರು? ಚಿಕಿತ್ಸೆಯೇ ಹಳ್ಳಿಗೆ ಹೋಗಬೇಕು.

ಇದು ಆಗದ ಮಾತೆಂದು ಯಾರೂ ಹೇಳಕೂಡದು. ನಮ್ಮ ಪಕ್ಕದ ಬಳ್ಳಾರಿಯಲ್ಲೇ ಆಗಿದೆ. ಎಂಬತ್ತರ ದಶಕದಲ್ಲಿ ನಿಮ್ಹಾನ್ಸಿನವರು ಆ ಜಿಲ್ಲೆಯ ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೂ ಆರೋಗ್ಯ ಕಾರ್ಯಕರ್ತರಿಗೂ ತರಬೇತಿ ಕೊಟ್ಟು, ಜ್ವರದ ಮಾತ್ರೆ ಸಿಗುವ ಕಡೆಯಲ್ಲೇ ಮನಸ್ಸಿನ ಕಾಯಿಲೆಗೂ ಔಷಧಿ ಸಿಗುವಂತೆ ಮಾಡಿದರು. ಅದನ್ನೇ ಮಾದರಿಯಾಗಿಟ್ಟುಕೊಂಡು 1996ರಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ದೇಶದಲ್ಲಿ ಆರಂಭವಾಯಿತು. ದೇಶಕ್ಕೆ ಪಾಠ ಹೇಳಿದ ನಾಡಿನಲ್ಲೇ ಪಾಠ ಮರೆತರೆ ಅದಕ್ಕೇನನ್ನಬೇಕು?

ಆದಕಾರಣ ನಮ್ಮ ಒತ್ತಾಯಗಳಿವು. ಒಂದನೆಯದು, ಪ್ರತಿಯೊಂದು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ತರಬೇತಾದ ಒಬ್ಬ ಆಪ್ತಸಲಹೆಗಾರರಿರಲಿ, ಔಷಧಿ ತಪ್ಪದೆ ಸಿಗಲಿ. ಎರಡನೆಯದು, ರೈತ ಸಂಪರ್ಕ ಕೇಂದ್ರಗಳ ಮತ್ತು ಕತ್ತಲಗೆರೆಯಂಥ ಸಂಶೋಧನಾ ಕೇಂದ್ರಗಳ ನೌಕರರಿಗೆ, ಎದುರಿಗೆ ನಿಂತ ಮನುಷ್ಯನ ಸಂಕಟವನ್ನು ಗುರುತಿಸಿ ಆಸ್ಪತ್ರೆಗೆ ದಾರಿ ತೋರಿಸುವಷ್ಟು ತರಬೇತಿ ಕೊಡಲಿ. ಮೂರನೆಯದು, ಬ್ಯಾಂಕು, ಸಹಕಾರ ಸಂಘಗಳಿಂದ ವಸೂಲಿ ನೋಟೀಸು ಹೋಗುವ ಮನೆಗೆ, ನೋಟೀಸಿಗೆ ಮೊದಲು ಆರೋಗ್ಯ ಇಲಾಖೆಯವರೊಬ್ಬರು ಹೋಗಲಿ. ಆ ಕೆಲಸವನ್ನು ಆಶಾ ಕಾರ್ಯಕರ್ತೆಯರ ತಲೆಗೆ ಬಿಟ್ಟಿಯಾಗಿ ಕಟ್ಟಕೂಡದು. ತಿಂಗಳ ಖಾತ್ರಿ ಗೌರವಧನಕ್ಕಾಗಿ 2025ರ ಜನವರಿಯ ಚಳಿಯಲ್ಲಿ ಬೆಂಗಳೂರಿನಲ್ಲಿ ಧರಣಿ ಕುಳಿತವರು ಅವರು. ನಾಲ್ಕನೆಯದು, ಕಿರುಸಾಲದ ವಸೂಲಿಗಾರರ ದಬ್ಬಾಳಿಕೆಯನ್ನು ತಡೆಯಲು 2025ರ ಫೆಬ್ರುವರಿಯಲ್ಲಿ ಹೊರಟ ಸುಗ್ರೀವಾಜ್ಞೆಯ ಕಟ್ಟಳೆಗಳು ಹಳ್ಳಿಯ ಬೀದಿಯಲ್ಲಿ ಜಾರಿಯಾಗಲಿ. ಐದನೆಯದು, ಪರಿಹಾರಕ್ಕೆ ಪಹಣಿಯೇ ಗತಿಯೆಂಬ ನಿಯಮ ಹೋಗಲಿ. ಕೂಲಿಯ ಮನೆಯೂ ಮನೆಯೇ. ಇವುಗಳ ಜೊತೆಗೆ ನ್ಯಾಯವಾದ ಬೆಲೆಯ ಬೇಡಿಕೆಯನ್ನು ನಾವು ಒಂದು ಕಾಸಿನಷ್ಟೂ ಬಿಟ್ಟುಕೊಡುವುದಿಲ್ಲ. ಮಾತ್ರೆಯಿಂದ ಸಾಲ ತೀರುವುದಿಲ್ಲವೆಂಬುದನ್ನು ಸರ್ಕಾರದವರು ನೆನಪಿಡಲಿ.

ಇನ್ನು ನಮ್ಮ ವಾಚಕರಿಗೊಂದು ಮಾತು. ಗಿರಣಿಯ ಗೆಳೆಯರೇ, ನಿಮ್ಮಲ್ಲಿ ಎಷ್ಟೋ ಮಂದಿಯ ಅಣ್ಣತಮ್ಮಂದಿರು ಇಂದಿಗೂ ಹೊಲದಲ್ಲಿದ್ದಾರೆ. ಹಬ್ಬಕ್ಕೆ ಊರಿಗೆ ಹೋದಾಗ ಬೆಳೆಯ ವಿಚಾರವನ್ನೇ ಕೇಳಿ ಬರಬೇಡಿ. ಆತನ ನಿದ್ದೆಯ ವಿಚಾರವನ್ನೂ ಕೇಳಿ. ಅಂಗಡಿಯ ಬಂಧುಗಳೇ, ಗೊಬ್ಬರವನ್ನೂ ದಿನಸಿಯನ್ನೂ ಉದ್ರಿ ಕೊಡುವವರು ನೀವು. ಬೆಳೆ ಹೋದರೆ ನಿಮ್ಮ ಉದ್ರಿಯೂ ನಿಲ್ಲುತ್ತದೆ, ನಿಮ್ಮ ನಿದ್ದೆಯೂ ಹೋಗುತ್ತದೆಂದು ನಾವು ಬಲ್ಲೆವು. ಆದರೆ ತಪ್ಪದೆ ಬರುತ್ತಿದ್ದ ಗಿರಾಕಿ ದಾರಿ ತಪ್ಪಿಸಿ ಓಡಾಡಲು ತೊಡಗಿದ್ದು ಆಸ್ಪತ್ರೆಗಿಂತ ಮೊದಲು ತಿಳಿಯುವುದು ನಿಮಗೇ. ಬಾಕಿಯ ಪುಸ್ತಕವನ್ನು ಒಂದು ಗಳಿಗೆ ಮುಚ್ಚಿ, "ಯಾಕಣ್ಣ, ಮಕ ಬಾಡೈತಲ್ಲ, ನಿದ್ದಿ ಬರ್ತೈತೋ ಇಲ್ಲೋ?" ಎಂದು ಕೇಳಿ. ಸಾಯುವ ಮಾತೆತ್ತಿದರೆ ಸುಮ್ಮನಿರಿಸಬೇಡಿ, ಗದರಬೇಡಿ. ಕೂರಿಸಿಕೊಂಡು ಕೇಳಿ, ಒಬ್ಬಂಟಿಯಾಗಿ ಕಳಿಸಬೇಡಿ. ಮನೆಯಲ್ಲಿ ಬೆಳೆಗೆ ಹೊಡೆಯುವ ಔಷಧಿಯಿದ್ದರೆ ಬೇರೆಯವರ ಸುಪರ್ದಿಗೆ ಕೊಡುವಂತೆ ಮನೆಯವರಿಗೆ ಹೇಳಿ, ಆಸ್ಪತ್ರೆಗೆ ಜೊತೆಯಲ್ಲಿ ನಡೆಯಿರಿ.

ಸರ್ಕಾರ ಮಾಡಬೇಕಾದ್ದನ್ನು ಸರ್ಕಾರದಿಂದ ಮಾಡಿಸುವುದಕ್ಕೆ ಸಂಘಟನೆ ಬೇಕು, ಕಾಲ ಬೇಕು. ಈ ಒಂದು ಪ್ರಶ್ನೆ ಕೇಳಲು ಎರಡೂ ಬೇಡ. ಮುಂದಿನ ಸಂತೆಯ ದಿನವೇ ಕೇಳಬಹುದು.