ಅಡಿಗೆಮನೆಯ ರಸಾಯನ: ಸಿಹಿ-ಖಾರದ ಸಾಲಡ್ ಡ್ರೆಸ್ಸಿಂಗ್

ಬೇಸಿಗೆಯ ಪಿಕ್ನಿಕ್ಕಿಗೆ ಕೋಸಂಬರಿಯ ಜೊತೆಗೆ ಒಂದು ಸಾಲಡ್ಡೂ ಇರಲಿ ಎಂದು ಸಮಿತಿಯವರು ಹೇಳಿದಾಗ, ಡ್ರೆಸ್ಸಿಂಗ್ ನಾನೇ ಮಾಡಿ ತರುತ್ತೇನೆಂದು ಒಪ್ಪಿಕೊಂಡೆ. ರಸಾಯನಶಾಸ್ತ್ರದಲ್ಲಿ ಡಾಕ್ಟರೇಟ್ ಮಾಡಿದವನಿಗೆ ಇದೇನು ಮಹಾ ಎಂಬ ಜಂಬ! ಜಜ್ಜಿದ ಬೆಳ್ಳುಳ್ಳಿ, ಹಸಿಮೆಣಸಿನಕಾಯಿಗಳನ್ನು ಎಣ್ಣೆಯಲ್ಲಿ ಮುಳುಗಿಸಿ, ಜೇನುತುಪ್ಪ ಬೆರೆಸಿ, ಸೀಸೆಯನ್ನು ಅಡಿಗೆಮನೆಯ ಕಟ್ಟೆಯ ಮೇಲೆ ನಾಲ್ಕು ದಿನ ಇಟ್ಟೆ. ಘಮಘಮಿಸುತ್ತಿತ್ತು. ಪಿಕ್ನಿಕ್ಕಿನ ಹಿಂದಿನ ರಾತ್ರಿ ನನ್ನಾಕೆ, "ಅಲ್ಲರೀ, ಇದಕ್ಕೆ ಹುಳೀನೇ ಹಾಕಿಲ್ವಲ್ಲ?" ಎಂದಳು. ನನಗೆ ಎದೆ ಝಲ್ಲೆಂದಿತು. ಸೀಸೆಯನ್ನು ಮುಚ್ಚಳ ತೆಗೆಯದೆ ಕಸಕ್ಕೆ ಹಾಕಿದೆ.

ಕಾರಣವಿಷ್ಟೆ. ಬೆಳ್ಳುಳ್ಳಿ ಮಣ್ಣಿನೊಳಗೆ ಬೆಳೆಯುವ ವಸ್ತು. ಮಣ್ಣಿನಲ್ಲಿರುವ ಕ್ಲಾಸ್ಟ್ರಿಡಿಯಂ ಬಾಟುಲಿನಂ ಎಂಬ ಸೂಕ್ಷ್ಮಾಣುವಿನ ಬೀಜಕಗಳು ಅದಕ್ಕೆ ಅಂಟಿರಬಹುದು. ಎಣ್ಣೆಯೊಳಗೆ ಗಾಳಿಯಾಡದು, ಬೆಳ್ಳುಳ್ಳಿಯಲ್ಲಿ ಹುಳಿ ಸಾಲದು. ಆ ಸೂಕ್ಷ್ಮಾಣುವಿಗೆ ಬೇಕಾದದ್ದೂ ಅದೇ. ಅದರ ವಿಷ ನರಗಳನ್ನು ಸ್ತಬ್ಧಗೊಳಿಸುತ್ತದೆ. ಅದಕ್ಕೆ ವಾಸನೆಯೂ ಇಲ್ಲ, ರುಚಿಯೂ ಇಲ್ಲ. ೧೯೮೫ರಲ್ಲಿ ಕೆನಡಾದ ವ್ಯಾಂಕೂವರಿನ ಒಂದು ಹೋಟೆಲಿನಲ್ಲಿ ಎಣ್ಣೆಯಲ್ಲಿಟ್ಟ ಬೆಳ್ಳುಳ್ಳಿಯಿಂದ ಮೂವತ್ತಕ್ಕೂ ಹೆಚ್ಚು ಮಂದಿ ಹೀಗೆ ಕಾಯಿಲೆ ಬಿದ್ದರು. ನಮ್ಮ ಅಮ್ಮಂದಿರ ಉಪ್ಪಿನಕಾಯಿಯನ್ನು ಕಾಯುವುದು ಎಣ್ಣೆಯೊಂದೇ ಅಲ್ಲ, ಉಪ್ಪು ಮತ್ತು ಹುಳಿ. ಪಿಎಚ್ ೪.೬ಕ್ಕಿಂತ ಕೆಳಗಿದ್ದರೆ ಈ ಸೂಕ್ಷ್ಮಾಣು ಬೆಳೆಯಲಾರದು.

ಆಗ ನೆನಪಾದದ್ದು ಪಕ್ಕದ ಮನೆಯ ಅಜ್ಜಿ ಹೇಳಿಕೊಟ್ಟಿದ್ದ, ನ್ಯೂಜಿಲೆಂಡಿನ ಹಳೆಯ ಕಂಡೆನ್ಸ್ಡ್ ಮಿಲ್ಕ್ ಡ್ರೆಸ್ಸಿಂಗ್. ಅದಕ್ಕೆ ನಮ್ಮ ಖಾರ ಸೇರಿಸಿದೆ.

ಬೇಕಾದದ್ದು: ಕಂಡೆನ್ಸ್ಡ್ ಮಿಲ್ಕ್ ಅರ್ಧ ಡಬ್ಬ (ಸುಮಾರು ೨೦೦ ಗ್ರಾಂ), ಮಾಲ್ಟ್ ವಿನಿಗರ್ ಅರ್ಧ ಕಪ್ (೧೨೫ ಮಿ.ಲೀ.), ಸಾಸಿವೆ ಪುಡಿ ೧ ಟೀ ಚಮಚ, ಉಪ್ಪು ಅರ್ಧ ಚಮಚ, ಸಣ್ಣಗೆ ಹೆಚ್ಚಿದ ಹಸಿಮೆಣಸಿನಕಾಯಿ ೨.

ಮೊದಲು ಸಾಸಿವೆ ಪುಡಿಯನ್ನು ತಣ್ಣೀರಿನಲ್ಲಿ ಕಲಸಿ ಹತ್ತು ನಿಮಿಷ ಬಿಡಿ. ಸಾಸಿವೆಯ ಘಾಟು ಕಾಳಿನಲ್ಲಿ ಸಿದ್ಧವಾಗಿರುವುದಿಲ್ಲ. ನೀರು ತಗುಲಿದಾಗ ಅದರೊಳಗಿನ ಕಿಣ್ವ ಅದನ್ನು ಹುಟ್ಟಿಸುತ್ತದೆ. ಬಿಸಿಯಾಗಲಿ ಹುಳಿಯಾಗಲಿ ಮೊದಲೇ ತಾಗಿದರೆ ಕಿಣ್ವದ ಕೆಲಸ ಕೆಡುತ್ತದೆ. ಒಗ್ಗರಣೆಯ ಸಾಸಿವೆ ಮೂಗಿಗೆ ಏರದಿರುವುದೂ ಇದರಿಂದಲೇ. ಆಮೇಲೆ ಉಳಿದದ್ದೆಲ್ಲ ಸೇರಿಸಿ ಕದಡಿ. ಹುಳಿ ತಾಗಿದ ಹಾಲಿನ ಪ್ರೋಟೀನು ತಾನಾಗಿ ಗಟ್ಟಿಯಾಗುತ್ತದೆ. ಒಲೆ ಹೊತ್ತಿಸುವ ಕೆಲಸವೇ ಇಲ್ಲ. ಫ್ರಿಜ್ಜಿನಲ್ಲಿಟ್ಟು ಒಂದು ವಾರದೊಳಗೆ ಮುಗಿಸಿ.

ಪಿಕ್ನಿಕ್ಕಿನಲ್ಲಿ ಮಲೆನಾಡಿನ ಹಿರಿಯರೊಬ್ಬರು ಎಲೆಕೋಸಿಗೆ ಇದನ್ನು ಕಲಸಿಕೊಂಡು ತಿಂದು, "ಇದು ನಮ್ಮ ಸಾಸಿವೆಯಲ್ಲವೇನಯ್ಯಾ!" ಎಂದರು. ನಿಜವೇ. ತೆಂಗಿನತುರಿಯ ಜೊತೆ ಹಸಿ ಸಾಸಿವೆ, ಮೆಣಸಿನಕಾಯಿ ಅರೆದು, ಬೆಲ್ಲ, ಮೊಸರು ಬೆರೆಸಿ ಸೌತೆಕಾಯಿಗೆ ಕಲಸುವುದಿಲ್ಲವೆ? ಸಿಹಿ, ಹುಳಿ, ಖಾರ, ಘಾಟು ಎಲ್ಲ ಅದೇ ಲೆಕ್ಕ. ತೆಂಗು ಬೆಳೆಯದ ಊರಿನಲ್ಲಿ ಡಬ್ಬದ ಹಾಲು ಅದರ ಜಾಗದಲ್ಲಿ ಕೂತಿದೆ, ಅಷ್ಟೆ.

ಕೊನೆಗೆ ತಾಯಂದಿರಲ್ಲಿ ಎರಡು ಮಾತು. ಬೆಳ್ಳುಳ್ಳಿ ಎಣ್ಣೆ ಬೇಕೆನಿಸಿದರೆ ಆಗಿಂದಾಗ ಮಾಡಿ. ಉಳಿದರೆ ಫ್ರಿಜ್ಜಿನಲ್ಲಿಟ್ಟು ಎರಡು ಮೂರು ದಿನಗಳಲ್ಲಿ ಮುಗಿಸಿ. ಸಿಹಿಗೆ ಜೇನುತುಪ್ಪ ಹಾಕಿದ್ದರೆ ವರ್ಷ ತುಂಬದ ಕೂಸಿಗೆ ನೆಕ್ಕಿಸಬೇಡಿ; ಅದರಲ್ಲೂ ಇದೇ ಬೀಜಕಗಳಿರಬಹುದು.

ನಿಮ್ಮ ಮನೆಯ ಸಾಸಿವೆಯ ವಿಧಾನವನ್ನು ಬರೆದು ಕಳಿಸಿ. ಮುಂದಿನ ಸಂಚಿಕೆಗೆ ಪರೀಕ್ಷಿಸಿ ನೋಡೋಣ, ನನ್ನಾಕೆಯ ಸಮ್ಮುಖದಲ್ಲಿ!