ತಲೆಗೆ ಬಿಸಿನೀರು ಬಿದ್ದಾಗ ಬರುವ ಮೂರ್ಛೆ



ತಲೆಗೆ ನೀರು ಹಾಕಿಸಿಕೊಳ್ಳುತ್ತಿದ್ದ ಮಗು ಇದ್ದಕ್ಕಿದ್ದಂತೆ ಮಾತು ನಿಲ್ಲಿಸಿ, ಎತ್ತಲೋ ದಿಟ್ಟಿಸುತ್ತಾ ಬಚ್ಚಲಲ್ಲೇ ಕುಸಿದರೆ ಏನು ಮಾಡುತ್ತೀರಿ? ರಾಯಚೂರು ನಗರವಿರಲಿ, ದೇವದುರ್ಗ, ಮಾನ್ವಿಯ ಹಳ್ಳಿಗಳಿರಲಿ, 'ನಜರ್ ತಾಗಿದೆ', 'ಗಾಳಿ ಸೋಕಿದೆ' ಎನ್ನುವವರೇ ಹೆಚ್ಚು. ತಾಯಿತ ಕಟ್ಟಿಸುವುದರಲ್ಲೇ ತಿಂಗಳುಗಳು ಕಳೆಯುತ್ತವೆ. ಆದರೆ ಇದು ವೈದ್ಯರು ಬಲ್ಲ ಕಾಯಿಲೆ. ಹೆಸರು, ಬಿಸಿನೀರಿನ ಅಪಸ್ಮಾರ.

ಇದನ್ನು ಮೊದಲು 1945ರಲ್ಲಿ ನ್ಯೂಜಿಲೆಂಡಿನಲ್ಲಿ ಗುರುತಿಸಲಾಯಿತು. ಆದರೆ ಜಗತ್ತಿನಲ್ಲೇ ಹೆಚ್ಚು ರೋಗಿಗಳು ಕಂಡುಬಂದಿರುವುದು ದಕ್ಷಿಣ ಭಾರತದಲ್ಲಿ, ಅದರಲ್ಲೂ ನಮ್ಮ ರಾಜ್ಯದ ದಕ್ಷಿಣ ಜಿಲ್ಲೆಗಳಲ್ಲಿ. 1988ರಲ್ಲಿ ಬೆಂಗಳೂರಿನ ನಿಮ್ಹಾನ್ಸ್ ವೈದ್ಯರು 279 ರೋಗಿಗಳ ವಿವರ ಪ್ರಕಟಿಸಿದರು. ಕೆಲವು ಕುಟುಂಬಗಳಲ್ಲಿ ಒಬ್ಬರಿಗಿಂತ ಹೆಚ್ಚು ಮಂದಿಗೆ ಇದು ಬರುತ್ತದೆ.

ಏಕೆ? ಮಿದುಳಿನ ಒಂದು ನರಕೋಶ ಇನ್ನೊಂದನ್ನು ಎಚ್ಚರಿಸಲು ಗ್ಲುಟಮೇಟ್ ಎಂಬ ರಾಸಾಯನಿಕವನ್ನು ಬಿಡುತ್ತದೆ. ಕೆಲಸ ಮುಗಿದ ಮೇಲೆ ಅದನ್ನು ಅಲ್ಲಿಂದ ತೆಗೆಯಬೇಕು. ಕೋಶದ ಹೊರಪೊರೆಯಲ್ಲಿ ನೆಟ್ಟಿರುವ ಇಎಎಟಿ-3 ಎಂಬ ಪ್ರೋಟೀನು ಅದನ್ನು ಒಳಕ್ಕೆ ಎಳೆದುಕೊಳ್ಳುತ್ತದೆ. ಅಂಗಳದ ನೀರನ್ನು ಮೋರಿ ಎಳೆದುಕೊಂಡಂತೆ. ಈ ಪ್ರೋಟೀನನ್ನು ತಯಾರಿಸುವ ಸೂಚನೆ 9ನೇ ವರ್ಣತಂತುವಿನ ಎಸ್‌ಎಲ್‌ಸಿ1ಎ1 ಎಂಬ ಜೀನಿನಲ್ಲಿದೆ. ಬೆಂಗಳೂರಿನ ಜವಾಹರಲಾಲ್ ನೆಹರು ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರ ಮತ್ತು ನಿಮ್ಹಾನ್ಸ್‌ನ ಸಂಶೋಧಕರು 2017ರಲ್ಲಿ, ಈ ಕಾಯಿಲೆಯವರಲ್ಲಿ ಕೆಲವರಿಗೆ ಇದೇ ಜೀನಿನಲ್ಲಿ ಅಪರೂಪದ ಬದಲಾವಣೆಗಳಿರುವುದನ್ನು ತೋರಿಸಿದರು. ಎಲ್ಲ ರೋಗಿಗಳಿಗೂ ಕಾರಣ ಇದೊಂದೇ ಅಲ್ಲ. ಬೇರೆ ಕುಟುಂಬಗಳಲ್ಲಿ ಬೇರೆ ವರ್ಣತಂತುಗಳ ಕಡೆಗೂ ಬೆರಳು ತೋರಿದೆ.

ಜೀನು ತಂದೆಯಿಂದಲೂ ಬರುತ್ತದೆ, ತಾಯಿಯಿಂದಲೂ ಬರುತ್ತದೆ. 'ನಿನ್ನ ತವರಿನಿಂದ ಬಂದ ರೋಗ' ಎಂದು ಸೊಸೆಯನ್ನು ಚುಚ್ಚುವುದು ಅನ್ಯಾಯ. ಹೆಣ್ಣುಮಗಳ ಸಂಬಂಧ ತಪ್ಪೀತೆಂದು ಕಾಯಿಲೆಯನ್ನು ಮುಚ್ಚಿಟ್ಟು, ಮಾತ್ರೆ ನಿಲ್ಲಿಸುವುದು ಇನ್ನೂ ದೊಡ್ಡ ಅನ್ಯಾಯ.

ಇನ್ನು ಮನೆಯಲ್ಲಿ ಮಾಡಬೇಕಾದದ್ದು. ಹಂಡೆಯ ಸುಡುನೀರನ್ನು ತಲೆಗೆ ಒಂದೇ ಸಮನೆ ಸುರಿಯಬೇಡಿ. ಉಗುರುಬೆಚ್ಚಗಿನ ನೀರು ಸಾಕು. ಗುಸ್ಲ್‌ಗೆ ನೀರು ಶುದ್ಧವಾಗಿರಬೇಕು, ಬಿಸಿಯಾಗಿರಬೇಕೆಂದಿಲ್ಲ. ಬಚ್ಚಲ ಚಿಲಕ ಹಾಕದಿರಲಿ, ಹತ್ತಿರ ಒಬ್ಬರಿರಲಿ. ಮೂರ್ಛೆ ಬಂದರೆ ನೀರು ನಿಲ್ಲಿಸಿ, ಪಕ್ಕಕ್ಕೆ ಮಗ್ಗುಲಾಗಿ ಮಲಗಿಸಿ. ಕೈಗೆ ಕಬ್ಬಿಣ, ಮೂಗಿಗೆ ಚಪ್ಪಲಿ, ಬಾಯಿಗೆ ಚಮಚ ಯಾವುದೂ ಬೇಡ. ಐದು ನಿಮಿಷ ಮೀರಿದರೆ ತಡಮಾಡದೆ ಆಸ್ಪತ್ರೆಗೆ ಒಯ್ಯಿರಿ.

ಒಮ್ಮೆ ಬಂದು ಹೋಯಿತೆಂದು ಸುಮ್ಮನಿರಬೇಡಿ. ಮೊದಲು ತಾಲೂಕು ಆಸ್ಪತ್ರೆಗೆ, ಅಗತ್ಯವಿದ್ದರೆ ರಾಯಚೂರಿನ ರಿಮ್ಸ್‌ಗೆ ಕರೆದೊಯ್ಯಿರಿ. ಸ್ನಾನಕ್ಕೆ ಮುಂಚೆ ನುಂಗುವ ಮಾತ್ರೆಯಿಂದಲೇ ಹಲವರಿಗೆ ಇದು ಹತೋಟಿಗೆ ಬರುತ್ತದೆ. ಕೆಲವರಿಗೆ ಮುಂದೆ ಬಿಸಿನೀರಿಲ್ಲದೆಯೂ ಮೂರ್ಛೆ ಬರಬಹುದು. ಅಂಥವರಿಗೆ ದಿನನಿತ್ಯದ ಔಷಧಿ ಬೇಕಾಗುತ್ತದೆ. ರಮಝಾನಿನಲ್ಲಿ ಮಾತ್ರೆಯ ವೇಳೆ ಬದಲಿಸುವುದಿದ್ದರೆ ವೈದ್ಯರನ್ನು ಕೇಳಿಯೇ ಬದಲಿಸಿ.

ದುಆ ಮಾಡಿರಿ, ಜೊತೆಗೆ ಔಷಧಿಯನ್ನೂ ಕೊಡಿಸಿರಿ. ಒಂದನ್ನು ಹಿಡಿದು ಇನ್ನೊಂದನ್ನು ಬಿಡಬೇಕೆಂದು ನಮಗೆ ಯಾರೂ ಕಲಿಸಿಲ್ಲ.